ಚಿತ್ರ ನಮ್ಮದು, ಗೋದಾಮು ಯಾರದೋ: ಕ್ಲೌಡ್ ಸೇವೆಗಳಿಂದ ಬಳಕೆದಾರರು ಬಯಸುವುದೇನು?

ಬೋನಾಳ (ಸುರಪುರ ತಾಲ್ಲೂಕು): ಚಳಿಗಾಲ ಬಂತೆಂದರೆ ಇಲ್ಲಿನ ಕೆರೆಗೆ ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ಅವುಗಳ ಬೆನ್ನಿಗೇ ಕ್ಯಾಮೆರಾ, ಮೊಬೈಲ್ ಹಿಡಿದವರೂ ಬರುತ್ತಾರೆ. ಸುರಪುರದ ಅರಸ ಪಾಮನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದನೆನ್ನಲಾದ, 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಅಭಿವೃದ್ಧಿಪಡಿಸಿದ ಈ ಕೆರೆಯನ್ನು ರಂಗನತಿಟ್ಟಿನ ನಂತರ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮ ಎಂದು ಕರೆಯುವುದು ರೂಢಿ. ಪಟ್ಟೆತಲೆ ಹೆಬ್ಬಾತು, ಬಕ, ಕೊಕ್ಕರೆಗಳ ಚಿತ್ರಗಳು ಬೆಳಗಾಗುವುದರೊಳಗೆ ಯಾದಗಿರಿಯಿಂದ ಬೆಂಗಳೂರಿನವರೆಗೆ ಮೊಬೈಲ್‌ಗಳಲ್ಲಿ ಹರಿದಾಡುತ್ತವೆ.

ಆದರೆ ನಾಲ್ಕು ವರ್ಷ ಕಳೆದ ಮೇಲೆ ಯಾರಾದರೂ ‘ಆ ಸಲ ಹೆಬ್ಬಾತುಗಳು ಯಾವ ತಿಂಗಳಲ್ಲಿ ಬಂದಿದ್ದವು?’ ಎಂದು ಕೇಳಿದರೆ ಉತ್ತರ ಹೇಳುವ ಚಿತ್ರ ಎಷ್ಟು ಜನರ ಬಳಿ ಉಳಿದಿರುತ್ತದೆ? ಹಳೆಯ ಮೊಬೈಲ್ ಕೆಟ್ಟಿರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಪ್ರತಿ ಮಸುಕಾಗಿರುತ್ತದೆ. ಅಂತರ್ಜಾಲದ ಖಾತೆ ‘ಜಾಗ ಭರ್ತಿಯಾಗಿದೆ’ ಎಂಬ ಸೂಚನೆ ನೀಡಿ ಹೊಸ ಚಿತ್ರಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿರುತ್ತದೆ. ಹಕ್ಕಿಯ ಜಾಗದಲ್ಲಿ ಮಗುವಿನ ಮೊದಲ ಹುಟ್ಟುಹಬ್ಬವನ್ನೋ ಅಜ್ಜಿಯ ಕೊನೆಯ ಚಿತ್ರವನ್ನೋ ಇಟ್ಟು ನೋಡಿದರೂ ಕಥೆ ಇದೇ.

ಕ್ಲೌಡ್ ಸಂಗ್ರಹ ಎಂದರೆ ಮೋಡದಲ್ಲಿ ಏನೂ ಇರುವುದಿಲ್ಲ. ಬೇರೊಂದು ಸಂಸ್ಥೆಯ ಕಟ್ಟಡದಲ್ಲಿರುವ ಗಣಕಯಂತ್ರಗಳಲ್ಲಿ ನಮ್ಮ ಕಡತಗಳ ಪ್ರತಿ ಇರುತ್ತದೆ. ಅಂತರ್ಜಾಲದ ಮೂಲಕ ನಾವು ಅದನ್ನು ನೋಡುತ್ತೇವೆ, ಬೇಕಾದವರಿಗೆ ತೋರಿಸುತ್ತೇವೆ. ಉಗ್ರಾಣದಲ್ಲಿ ಚೀಲ ಇಟ್ಟು ರಸೀದಿ ಪಡೆದಂತೆ. ಉಗ್ರಾಣದ ಬಾಡಿಗೆ, ಬೀಗದ ಕೈ, ಬಾಗಿಲು ತೆರೆಯುವ ವೇಳೆ ಇವೆಲ್ಲವನ್ನೂ ನಿರ್ಧರಿಸುವವನು ಅದರ ಮಾಲೀಕ. ಬಳಕೆದಾರರ ಬೇಡಿಕೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಉಚಿತದ ಅವಧಿ ಎಷ್ಟು?

ಮೊದಲ ಬೇಡಿಕೆ ಜಾಗ ಎಂದೇ ಎಲ್ಲರೂ ಭಾವಿಸುತ್ತಾರೆ. ಕೊಟ್ಟ ಮಾತು ಬದಲಾಗಬಾರದು ಎಂಬುದು ಅದಕ್ಕಿಂತ ಮೊದಲಿನ ಬೇಡಿಕೆ ಎಂದರೆ ತಪ್ಪಾಗಲಾರದು. ಗೂಗಲ್ ಫೋಟೋಸ್ 2015ರ ಮೇ ತಿಂಗಳಲ್ಲಿ ಆರಂಭವಾದಾಗ, ತುಸು ಕುಗ್ಗಿಸಿದ ಗುಣಮಟ್ಟದಲ್ಲಿ ಎಷ್ಟು ಚಿತ್ರಗಳನ್ನಾದರೂ ಉಚಿತವಾಗಿ ಇಡಬಹುದಿತ್ತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಸಣ್ಣ ಊರುಗಳ ಲಕ್ಷಾಂತರ ಕುಟುಂಬಗಳಿಗೆ ಮೊಬೈಲೇ ಆಲ್ಬಮ್ ಆಯಿತು. ಹೀಗೆ ಅಭ್ಯಾಸವಾದ ಮೇಲೆ, 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಅಂದಿನಿಂದ ಹೊಸ ಚಿತ್ರಗಳೆಲ್ಲ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೆ ಸೇರುತ್ತಿವೆ. ಆಂಡ್ರಾಯ್ಡ್ ಮೊಬೈಲ್‌ಗಳ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ 2024ರಲ್ಲಿ ಇದೇ ಲೆಕ್ಕಕ್ಕೆ ಬಂತು. ‘ಶುಭೋದಯ’ದ ಹೂವಿನ ಚಿತ್ರಗಳೂ ಈಗ ಜಾಗದ ಬಾಡಿಗೆ ತೆರಬೇಕು!

ಗೂಗಲ್ ಒಂದೇ ಹೀಗೆ ಮಾಡಿತೆಂದಲ್ಲ. ಮೈಕ್ರೋಸಾಫ್ಟ್ ತನ್ನ ಒನ್‌ಡ್ರೈವ್‌ನ ಉಚಿತ ಜಾಗವನ್ನು 2016ರಲ್ಲಿ 15 ಜಿಬಿಯಿಂದ 5 ಜಿಬಿಗೆ ಇಳಿಸಿತು. ಛಾಯಾಗ್ರಾಹಕರ ಅಚ್ಚುಮೆಚ್ಚಿನ ತಾಣವಾಗಿದ್ದ ಫ್ಲಿಕರ್ 2013ರಲ್ಲಿ ಒಂದು ಟೆರಾಬೈಟ್ ಉಚಿತ ಎಂದಿತ್ತು. 2018ರಲ್ಲಿ ಸ್ಮಗ್‌ಮಗ್ ಸಂಸ್ಥೆಯ ಕೈ ಸೇರಿದ ಬಳಿಕ, 2019ರಿಂದ ಉಚಿತ ಖಾತೆಗಳಿಗೆ 1000 ಚಿತ್ರಗಳ ಮಿತಿ ಹಾಕಿತು. ಆರ್ಕುಟ್ 2014ರಲ್ಲಿ, ಪಿಕಾಸಾ 2016ರಲ್ಲಿ, ಅಮೆಜಾನ್ ಡ್ರೈವ್ 2023ರ ಕೊನೆಯಲ್ಲಿ ಬಾಗಿಲು ಮುಚ್ಚಿದವು.

ರಿಲಯನ್ಸ್ ಹಾಗೂ ಗೂಗಲ್ 2025ರ ಅಕ್ಟೋಬರ್‌ನಲ್ಲಿ ಅರ್ಹ ಜಿಯೊ ಗ್ರಾಹಕರಿಗೆ ಜೆಮಿನೈ ಸೇವೆಯ ಜೊತೆಗೆ ಎರಡು ಟೆರಾಬೈಟ್ ಸಂಗ್ರಹವನ್ನು 18 ತಿಂಗಳ ಕಾಲ ಉಚಿತವಾಗಿ ಕೊಡುವುದಾಗಿ ಪ್ರಕಟಿಸಿದವು. ಕೊಡುಗೆ ದೊಡ್ಡದೇ. ಆದರೆ ಒಂದೂವರೆ ವರ್ಷದಲ್ಲಿ ಒಂದು ಟೆರಾಬೈಟ್ ತುಂಬಿಸಿದವರು ಹತ್ತೊಂಬತ್ತನೇ ತಿಂಗಳಲ್ಲಿ ಏನು ಮಾಡಬೇಕು ಎಂಬುದನ್ನು ಮೊದಲ ದಿನವೇ ಯೋಚಿಸಬೇಕಾಗುತ್ತದೆ. ಹಣ ಕೊಡಬೇಕು, ಇಲ್ಲವೇ ಅಷ್ಟನ್ನೂ ಇಳಿಸಿಕೊಳ್ಳಬೇಕು. ಹಣ ಕೊಡಲು ಜನ ಸಿದ್ಧರಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. 2021ರಲ್ಲಿ ಗೂಗಲ್‌ನ 100 ಜಿಬಿ ಯೋಜನೆಗೆ ತಿಂಗಳಿಗೆ 130 ರೂಪಾಯಿ ಇತ್ತು. ಸ್ಟುಡಿಯೊದಲ್ಲಿ ಚಿತ್ರ ತೊಳೆಸಿದವರು ಒಮ್ಮೆ ಹಣ ಕೊಟ್ಟು ಮರೆಯುತ್ತಿದ್ದರು. ಇಲ್ಲಿ ಜೀವನಪರ್ಯಂತ ಕೊಡಬೇಕು, ಒಂದು ಕಂತು ತಪ್ಪಿದರೆ ಏನಾಗುವುದೋ ಎಂಬ ಅಳುಕಿನಲ್ಲೇ ಇರಬೇಕು. ಅಡ್ಡಿ ಇರುವುದು ಮೊತ್ತದಲ್ಲಿ ಅಲ್ಲ, ಈ ಅಳುಕಿನಲ್ಲಿ.

ಹಕ್ಕಿ ಛಾಯಾಗ್ರಾಹಕರ ಲೆಕ್ಕವೇ ಬೇರೆ. ಹಾರುವ ಹೆಬ್ಬಾತನ್ನು ಹಿಡಿಯಲು ಒಂದೇ ಉಸಿರಿಗೆ ಹತ್ತಿಪ್ಪತ್ತು ಚಿತ್ರ ತೆಗೆಯುವುದು ಅವರ ಪದ್ಧತಿ. ಕ್ಯಾಮೆರಾದ ಕಚ್ಚಾ ಕಡತವೊಂದು 30 ಎಂಬಿ ಎಂದು ಹಿಡಿದರೆ, ಒಂದು ಬೆಳಗಿನ ಸಾವಿರ ಚಿತ್ರಗಳಿಗೆ 30 ಜಿಬಿ ಬೇಕು. ಉಚಿತ ಜಾಗದ ಎರಡರಷ್ಟಾಯಿತು. ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಅದನ್ನು ಕಳುಹಿಸಲು ಹದಿಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಮೊಬೈಲ್ ಜಾಲಗಳಲ್ಲಿ ಇಳಿಸುವ ವೇಗಕ್ಕಿಂತ ಏರಿಸುವ ವೇಗ ಸಾಮಾನ್ಯವಾಗಿ ಕಡಿಮೆ. ಜಾಹೀರಾತಿನಲ್ಲಿ ಕಾಣುವುದು ಇಳಿಸುವ ವೇಗ. ನಡುವೆ ಸಂಪರ್ಕ ಕಡಿದರೆ ನಿಂತಲ್ಲಿಂದಲೇ ಮುಂದುವರಿಯಬೇಕು, ವೈಫೈ ಸಿಕ್ಕಾಗ ಮಾತ್ರ ಕಳುಹಿಸಬೇಕು ಎಂಬ ಬೇಡಿಕೆಗಳು ನಗರದ ಫೈಬರ್ ಸಂಪರ್ಕದವರಿಗೆ ಚಿಲ್ಲರೆಯಾಗಿ ಕಾಣಬಹುದು, ಹಳ್ಳಿಯಲ್ಲಿ ಕುಳಿತವರಿಗೆ ಅಲ್ಲ.

ದಿನಾಂಕ ಇಲ್ಲದ ಹೆಬ್ಬಾತು

ಚಿತ್ರವೊಂದರ ಕಡತದೊಳಗೆ ತೆಗೆದ ದಿನ, ವೇಳೆ, ಕ್ಯಾಮೆರಾದ ವಿವರ, ಜಿಪಿಎಸ್ ಚಾಲೂ ಇದ್ದರೆ ಸ್ಥಳವೂ ದಾಖಲಾಗಿರುತ್ತದೆ. ಪಕ್ಷಿ ವೀಕ್ಷಕರಿಗೆ ಚಿತ್ರದಷ್ಟೇ ಬೆಲೆಬಾಳುವುದು ಈ ವಿವರ. ಯಾವ ಕೆರೆ, ಯಾವ ದಿನ ಎಂದು ಗೊತ್ತಿಲ್ಲದ ಹೆಬ್ಬಾತಿನ ಚಿತ್ರ ಗೋಡೆಗೆ ತೂಗುಹಾಕಲು ಚೆನ್ನ, ಕೆರೆಯ ಇತಿಹಾಸಕ್ಕೆ ಅದರಿಂದ ಪ್ರಯೋಜನ ಅಲ್ಪ. ಮಳೆ ಕೈಕೊಟ್ಟ ವರ್ಷ ಎಷ್ಟು ಹಕ್ಕಿ ಬಂದವು, ಯಾವ ಜಾತಿ ಬರುವುದನ್ನೇ ನಿಲ್ಲಿಸಿತು ಎಂಬುದಕ್ಕೆ ಹವ್ಯಾಸಿಗಳ ಚಿತ್ರಗಳೂ ಸಾಕ್ಷ್ಯಗಳೇ.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ರೀತಿಯಲ್ಲಿ ಚಿತ್ರ ಕಳುಹಿಸಿದರೆ ಅದರ ಗಾತ್ರ ಕುಗ್ಗುತ್ತದೆ, ಒಳಗಿನ ವಿವರಗಳೂ ಅಳಿಸಿಹೋಗುತ್ತವೆ. 2023ರ ಆಗಸ್ಟ್‌ನಲ್ಲಿ ಬಂದ ಎಚ್‌ಡಿ ಆಯ್ಕೆಯಿಂದ ಚಿತ್ರ ಸ್ಪಷ್ಟವಾಯಿತೇ ಹೊರತು ಮೂಲ ಕಡತವೇ ತಲುಪಿದಂತಾಗಲಿಲ್ಲ. ಮೂಲ ಕಡತವೇ ಹೋಗಬೇಕಾದರೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಬೇಕು. ಇದು ಬಲ್ಲವರಿಗಷ್ಟೇ ಗೊತ್ತು.

ಸ್ಥಳದ ವಿವರ ಉಳಿಯಬೇಕು ಎನ್ನುವ ಅದೇ ವ್ಯಕ್ತಿ ಮನೆಯ ಮಗುವಿನ ಚಿತ್ರ ಹಂಚುವಾಗ ಸ್ಥಳ ಅಳಿಸಿರಬೇಕು ಎನ್ನುತ್ತಾನೆ. ಎರಡೂ ನ್ಯಾಯವೇ. ಹಕ್ಕಿಗಳ ವಿಷಯದಲ್ಲೂ ಗೂಡಿನ ನಿಖರ ಜಾಗ ಬಯಲಾದರೆ ಅಪಾಯವುಂಟು. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ, ಭಾರತದ ವೀಕ್ಷಕರೂ ದೊಡ್ಡ ಪ್ರಮಾಣದಲ್ಲಿ ಬಳಸುವ ಇಬರ್ಡ್ ತಾಣ ಇದಕ್ಕೊಂದು ದಾರಿ ಕಂಡುಕೊಂಡಿದೆ. ಅಲ್ಲಿ ದಿನ, ಸ್ಥಳ, ಹಕ್ಕಿಪಟ್ಟಿಯ ಜೊತೆಗೇ ಚಿತ್ರವನ್ನು ಸೇರಿಸಬೇಕು. ಅಪಾಯದಲ್ಲಿರುವ ಕೆಲವು ಪ್ರಭೇದಗಳ ನಿಖರ ಸ್ಥಳವನ್ನು ತಾಣವೇ ಸಾರ್ವಜನಿಕರಿಂದ ಮರೆಮಾಡುತ್ತದೆ. ಚಿತ್ರದ ಹಕ್ಕು ತೆಗೆದವರಲ್ಲೇ ಉಳಿಯುತ್ತದೆ. ಸಾಮಾನ್ಯ ಚಿತ್ರ ಹಂಚಿಕೆ ಸೇವೆಗಳು ಇದರಿಂದ ಕಲಿಯಬೇಕಾದದ್ದಿದೆ. ಏನನ್ನು ಯಾರಿಗೆ ತೋರಿಸಬೇಕು ಎಂಬ ಪ್ರಶ್ನೆ ಹಂಚುವ ಗಳಿಗೆಯಲ್ಲೇ, ಅರ್ಥವಾಗುವ ಭಾಷೆಯಲ್ಲಿ ಎದುರಾಗಬೇಕು. ಸೆಟ್ಟಿಂಗ್‌ನ ಐದನೇ ಪುಟದಲ್ಲಿ ಅಡಗಿರುವ ಆಯ್ಕೆಯನ್ನು ಆಯ್ಕೆ ಎನ್ನಲಾಗದು.

ಅಳಿಸಿದರೆ ಎಲ್ಲಿ ಅಳಿಯುತ್ತದೆ?

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಮೊಬೈಲ್ ತುಂಬಿತೆಂದು ಚಿತ್ರ ಅಳಿಸಿದರೆ ಕ್ಲೌಡ್‌ನಲ್ಲಿ ಉಳಿಯುತ್ತದೆಯೇ? ಉತ್ತರ, ಎಲ್ಲಿಂದ ಹೇಗೆ ಅಳಿಸಿದಿರಿ ಎಂಬುದನ್ನು ಅವಲಂಬಿಸಿದೆ. ಗೂಗಲ್ ಫೋಟೋಸ್‌ನಲ್ಲಿ ‘ಜಾಗ ತೆರವು’ ಆಯ್ಕೆಯು ಮೊಬೈಲ್‌ನಲ್ಲಿನ ಪ್ರತಿಯನ್ನು ಮಾತ್ರ ತೆಗೆಯುತ್ತದೆ. ಅದೇ ಆ್ಯಪ್‌ನಲ್ಲಿ ಸಾಮಾನ್ಯ ಡಿಲೀಟ್ ಒತ್ತಿದರೆ ಎರಡೂ ಕಡೆ ಹೋಗುತ್ತದೆ. ಆ್ಯಪಲ್‌ನ ಐಕ್ಲೌಡ್ ಫೋಟೋಸ್‌ನಲ್ಲಿ ಒಂದು ಸಾಧನದಲ್ಲಿ ಅಳಿಸಿದ್ದು ಎಲ್ಲ ಸಾಧನಗಳಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಗೂಗಲ್ 60 ದಿನ, ಆ್ಯಪಲ್ 30 ದಿನ ಉಳಿಸಿಕೊಳ್ಳುತ್ತವೆ; ಆಮೇಲೆ ಮರಳಿ ಸಿಗದು. ಎರಡು ಕಡೆ ಒಂದೇ ರೀತಿ ಇರುವಂತೆ ಮಾಡುವುದು ಬೇರೆ, ಆಪತ್ತಿಗೆಂದು ಪ್ರತಿ ಇಡುವುದು ಬೇರೆ. ಸಂಸ್ಥೆಗಳು ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದಿಲ್ಲ, ಜನ ಚಿತ್ರ ಕಳೆದುಕೊಂಡ ಮೇಲೆ ಕಲಿಯುತ್ತಾರೆ.

ಸಂಸ್ಥೆಯ ಕಡೆಯಿಂದಲೂ ಕಳೆಯಬಹುದು. ಮೈಸ್ಪೇಸ್ ತಾಣದಲ್ಲಿ 2016ಕ್ಕೂ ಮುಂಚಿನ ಹನ್ನೆರಡು ವರ್ಷಗಳ ಹಾಡು, ಚಿತ್ರ, ವಿಡಿಯೊಗಳು ಸರ್ವರ್ ಸ್ಥಳಾಂತರದ ವೇಳೆ ನಷ್ಟವಾದುದು 2019ರಲ್ಲಿ ಜಗಜ್ಜಾಹೀರಾಯಿತು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರ ಕಡತಗಳಿದ್ದ ವ್ಯವಸ್ಥೆಯ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಅದರ ಪ್ರತಿ ಬೇರೆಲ್ಲೂ ಇರಲಿಲ್ಲ. ತಂತ್ರಜ್ಞಾನದಲ್ಲಿ ಮುಂದಿರುವ ದೇಶದ್ದೇ ಈ ಪಾಡು.

ಇದಕ್ಕೆ ಎದುರಾಗಿ ಒಂದು ಹಳೆಯ ಉದಾಹರಣೆ ನೋಡಬಹುದು. ಬೋನಾಳ ಕೆರೆಯನ್ನು ಅಭಿವೃದ್ಧಿಪಡಿಸಿದ ಅದೇ ಮೆಡೋಸ್ ಟೇಲರ್, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಕುರಿತ ಚಿತ್ರಸಂಪುಟವೊಂದಕ್ಕೆ ಐತಿಹಾಸಿಕ ಟಿಪ್ಪಣಿ ಬರೆದಿದ್ದ. ಪಿಗೌ, ನೀಲ್, ಬಿಗ್ಸ್ ಎಂಬುವರು ತೆಗೆದ ಛಾಯಾಚಿತ್ರಗಳಿದ್ದ ಆ ಸಂಪುಟ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಚಿತ್ರಗಳನ್ನು ಇಂದಿಗೂ ನೋಡಬಹುದು. ಕಾರಣ ಸರಳ: ಹಲವು ಪ್ರತಿಗಳಿದ್ದವು, ಅವು ಹಲವು ಗ್ರಂಥಾಲಯಗಳಲ್ಲಿದ್ದವು, ಪ್ರತಿ ಚಿತ್ರದ ಜೊತೆಗೂ ಅದು ಯಾವ ಊರಿನದೆಂಬ ವಿವರವಿತ್ತು. ಇಂದಿನ ಬಳಕೆದಾರ ಕೇಳುತ್ತಿರುವುದೂ ಹೆಚ್ಚುಕಡಿಮೆ ಇಷ್ಟನ್ನೇ.

ಖಾತೆಯ ಬೀಗ, ವಾರಸುದಾರ

ಚಿತ್ರಗಳು ಸುರಕ್ಷಿತವಾಗಿದ್ದೂ ಮಾಲೀಕನಿಗೆ ಸಿಗದಿರಬಹುದು. ನಮ್ಮಲ್ಲಿ ಖಾತೆಗಳು ಬಹುಪಾಲು ಮೊಬೈಲ್ ಸಂಖ್ಯೆಗೆ ಅಂಟಿಕೊಂಡಿವೆ. ದುಡಿಮೆಗೆಂದು ಬೆಂಗಳೂರು, ಪುಣೆ, ಮುಂಬೈಗಳಿಗೆ ಹೋಗುವ ಯಾದಗಿರಿ ಜಿಲ್ಲೆಯ ಕುಟುಂಬಗಳಲ್ಲಿ ಸಿಮ್ ಬದಲಾಗುವುದು ಅಪರೂಪವಲ್ಲ. ರೀಚಾರ್ಜ್ ಇಲ್ಲದೆ ರದ್ದಾದ ಸಂಖ್ಯೆ ಕನಿಷ್ಠ 90 ದಿನಗಳ ನಂತರ ಬೇರೆಯವರ ಪಾಲಾಗಬಹುದು. ಹಳೆಯ ಖಾತೆ ತೆರೆಯಲು ಬೇಕಾದ ಒಟಿಪಿ ಆಗ ಅಪರಿಚಿತರ ಮೊಬೈಲ್‌ಗೆ ಹೋಗುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ.

ಸಂಸ್ಥೆಯೇ ಬೀಗ ಹಾಕಿದರೆ ದೂರು ಹೇಳಲು ಮನುಷ್ಯನೊಬ್ಬ ಬೇಕು ಎಂಬುದು ಇನ್ನೊಂದು ಬೇಡಿಕೆ. ಅಮೆರಿಕದ ತಂದೆಯೊಬ್ಬ ವೈದ್ಯರಿಗೆ ತೋರಿಸಲೆಂದು ತೆಗೆದ ಮಗುವಿನ ಚಿತ್ರವನ್ನು ಯಂತ್ರವು ಅಶ್ಲೀಲವೆಂದು ಗುರುತಿಸಿ, ಖಾತೆ ಮುಚ್ಚಿಹೋದ ಪ್ರಕರಣ 2022ರಲ್ಲಿ ವರದಿಯಾಯಿತು. ಪೊಲೀಸರು ತಪ್ಪಿಲ್ಲವೆಂದರೂ ಖಾತೆ ಮರಳಿ ಸಿಗಲಿಲ್ಲ. ಮಕ್ಕಳ ರಕ್ಷಣೆಗೆ ಅಂಥ ತಪಾಸಣೆ ಬೇಕೇ ಬೇಕು. ಆದರೆ ಮೇಲ್ಮನವಿಯನ್ನು ಓದುವವರೂ ಬೇಕು.

ಖಾತೆದಾರ ತೀರಿಕೊಂಡರೆ? ಬ್ಯಾಂಕ್ ಖಾತೆಗೆ ನಾಮಿನಿ ಬರೆಸುವ ನಾವು ಚಿತ್ರಗಳಿಗೆ ಬರೆಸುವುದಿಲ್ಲ. ಗೂಗಲ್ 2013ರಿಂದಲೂ ನಿಷ್ಕ್ರಿಯ ಖಾತೆಯ ವಾರಸುದಾರರನ್ನು ಸೂಚಿಸುವ ಅವಕಾಶ ಕೊಟ್ಟಿದೆ, ಆ್ಯಪಲ್ 2021ರಲ್ಲಿ ಕೊಟ್ಟಿತು. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ, ಮರಣಾನಂತರ ತನ್ನ ಪರವಾಗಿ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವಿದೆ.

ಹೊರಬಾಗಿಲು

ಯಾವ ಸೇವೆಯನ್ನು ಆರಿಸಿಕೊಳ್ಳಬೇಕು ಎಂಬುದಕ್ಕೆ ಈ ಲೇಖಕನ ಮಟ್ಟಿಗೆ ಒಂದೇ ಒರೆಗಲ್ಲು: ಎಲ್ಲವನ್ನೂ ಹೊರತೆಗೆದುಕೊಂಡು ಹೋಗುವುದು ಎಷ್ಟು ಸುಲಭ? ಗೂಗಲ್‌ನ ಟೇಕ್‌ಔಟ್ ಸೌಲಭ್ಯ 2011ರಿಂದ ಇದೆ. ಚಿತ್ರಗಳೆಲ್ಲ ದೊಡ್ಡ ಜಿಪ್ ಕಡತಗಳಾಗಿ ಸಿಗುತ್ತವೆ. ಆದರೆ ಆ್ಯಪ್‌ನಲ್ಲಿ ನಾವು ತಿದ್ದಿದ ದಿನಾಂಕ, ಬರೆದ ಶೀರ್ಷಿಕೆ, ಸೇರಿಸಿದ ಸ್ಥಳ ಇವು ಚಿತ್ರದೊಳಗೆ ಇರುವುದಿಲ್ಲ. ಪಕ್ಕದಲ್ಲಿ ಜೇಸನ್ ಎಂಬ ಪ್ರತ್ಯೇಕ ಕಡತದಲ್ಲಿರುತ್ತವೆ. ಹಳೆಯ ಆಲ್ಬಮ್‌ನ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಕುಳಿತು ಒಂದೊಂದಕ್ಕೂ 1978, 1985 ಎಂದು ವರ್ಷ ತುಂಬಿದವರಿಗೆ ಇದು ತಲೆನೋವು. ಚಿತ್ರವನ್ನಷ್ಟೇ ಬೇರೆಡೆ ನಕಲಿಸಿದರೆ ಅಜ್ಜನ ಮದುವೆಯ ಚಿತ್ರ ಸ್ಕ್ಯಾನ್ ಆದ ದಿನದ ಚಿತ್ರವಾಗಿಬಿಡುತ್ತದೆ.

ಅದಕ್ಕೇ ಅನುಭವಿ ಹವ್ಯಾಸಿಗಳು ಆ್ಯಪ್‌ನ ಆಲ್ಬಮ್ ನೆಚ್ಚಿಕೊಳ್ಳದೆ ಫೋಲ್ಡರ್‌ಗೇ ಹೆಸರಿಡುತ್ತಾರೆ: ಮೊದಲು ವರ್ಷ, ತಿಂಗಳು, ದಿನ, ಆಮೇಲೆ ‘ಬೋನಾಳ ಕೆರೆ’. ಒಂದು ಪ್ರತಿ ಕ್ಲೌಡ್‌ನಲ್ಲಿ, ಇನ್ನೊಂದು ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ, ಆಯ್ದವು ಇಬರ್ಡ್‌ನಲ್ಲಿ. ಹಾರ್ಡ್‌ಡಿಸ್ಕ್ ಕೂಡ ಶಾಶ್ವತವಲ್ಲವಾದ್ದರಿಂದ ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು, ಸದ್ದು ಮಾಡತೊಡಗಿದರೆ ಅಂದೇ ಹೊಸದಕ್ಕೆ ನಕಲಿಸಬೇಕು.