ಸೆರೆಮನೆಯಲ್ಲೂ ತಪ್ಪದ ದಿನದ ವಾಕ್ಯ

ಜರ್ಮನಿಯ ಹೆರ್ನ್‌ಹೂಟ್ ಎಂಬ ಪುಟ್ಟ ಊರಿನಲ್ಲಿ ಪ್ರತಿ ವರ್ಷ ಚೀಟಿ ಎತ್ತುವ ಕೆಲಸವೊಂದು ನಡೆಯುತ್ತದೆ. ಬಹುಮಾನಕ್ಕಲ್ಲ, ದಿನಕ್ಕೊಂದು ದೇವರ ವಾಕ್ಯಕ್ಕೆ! ಹಳೆಯ ಒಡಂಬಡಿಕೆಯಿಂದ ಆಯ್ದ ಸುಮಾರು 1,800 ವಚನಗಳಲ್ಲಿ ವರ್ಷದ ಒಂದೊಂದು ದಿನಕ್ಕೂ ಒಂದನ್ನು ಹೀಗೆ ಎತ್ತಿ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವೊಂದನ್ನು ಜೊತೆಗಿಟ್ಟು ಪುಸ್ತಕ ಮಾಡುತ್ತಾರೆ. 1728ರಲ್ಲಿ ಕೌಂಟ್ ಜಿನ್‌ಜೆಂಡಾರ್ಫ್ ಆರಂಭಿಸಿದ ಪದ್ಧತಿಯಿದು. ಮೊದಮೊದಲು ದಿನದ ವಾಕ್ಯವನ್ನು ಮನೆಮನೆಗೆ ಹೋಗಿ ಹೇಳಿಬರುತ್ತಿದ್ದರು. 1731ರಿಂದ ಅಚ್ಚಾಗತೊಡಗಿತು. ಈಗ ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿದೆ.

ಈ ಪುಸ್ತಕವನ್ನು ದಿನವೂ ಓದುತ್ತಿದ್ದವರಲ್ಲಿ ಒಬ್ಬರು ಡೀಟ್ರಿಚ್ ಬೊನ್‌ಹಾಫರ್. ಹಿಟ್ಲರನನ್ನು ಎದುರಿಸಿ ನಿಂತ ಪಾದ್ರಿ. ನಮ್ಮ ಗಾಂಧೀಜಿಯ ಆಶ್ರಮ ಜೀವನವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಅವರಿಗಿತ್ತು. 1934ರ ನವೆಂಬರಿನಲ್ಲಿ ಗಾಂಧೀಜಿ ಆಹ್ವಾನವನ್ನೂ ಕಳಿಸಿದ್ದರು. ಅಷ್ಟರಲ್ಲಿ ಯುವ ಬೋಧಕರನ್ನು ತರಬೇತಿಗೊಳಿಸುವ ಹೊಣೆ ಹೆಗಲೇರಿ, ಭಾರತಕ್ಕೆ ಬರುವುದು ಕೈಗೂಡಲಿಲ್ಲ.

ಫಿಂಕನ್‌ವಾಲ್ಡ್‌ನಲ್ಲಿ 1935ರಿಂದ ನಡೆದ ಆ ತರಬೇತಿ ಶಾಲೆಯಲ್ಲಿ ಒಂದು ಕಟ್ಟುನಿಟ್ಟು. ಬೆಳಿಗ್ಗೆ ಅರ್ಧ ಗಂಟೆ ಎಲ್ಲರೂ ಮೌನವಾಗಿ ಧ್ಯಾನಿಸಬೇಕು. ವಾರಪೂರ್ತಿ ಒಂದೇ ಸಣ್ಣ ಭಾಗ. ವ್ಯಾಖ್ಯಾನದ ಪುಸ್ತಕ ತೆರೆಯುವಂತಿಲ್ಲ, ಮುಂದಿನ ಭಾನುವಾರದ ಪ್ರಸಂಗಕ್ಕೆ ಟಿಪ್ಪಣಿ ಮಾಡಿಕೊಳ್ಳುವಂತಿಲ್ಲ. ವಿಶ್ವವಿದ್ಯಾಲಯದಲ್ಲಿ ಗ್ರೀಕ್, ಹೀಬ್ರೂ ಅರೆದು ಕುಡಿದು ಬಂದ ಹುಡುಗರಿಗೆ ಇದು ನುಂಗಲಾರದ ತುತ್ತಾಯಿತು. ಕೆಲವರು ತೂಕಡಿಸಿದರು, ಕೆಲವರು ಗೊಣಗಿದರು. ಓದಲು ಕುಳಿತೊಡನೆ ಮನಸ್ಸು ಬೀದಿ ಸುತ್ತುವುದು ಇಂದಿನ ವಿದ್ಯಾರ್ಥಿಗಳಿಗಷ್ಟೇ ಬಂದ ಕಷ್ಟವಲ್ಲವಷ್ಟೆ! ಬೊನ್‌ಹಾಫರ್ ಮಾತ್ರ ಪಟ್ಟು ಸಡಿಲಿಸಲಿಲ್ಲ. 1937ರಲ್ಲಿ ಗುಪ್ತ ಪೊಲೀಸರು ಶಾಲೆಯನ್ನು ಮುಚ್ಚಿಸಿದ ಮೇಲೂ ಚದುರಿದ ಶಿಷ್ಯರಿಗೆ ಧ್ಯಾನದ ಭಾಗಗಳನ್ನು ಪತ್ರದಲ್ಲಿ ಬರೆದು ಕಳಿಸಿದರು.

ದೇವರ ಒಳ್ಳೆಯತನವನ್ನು ನೆನೆಯಲು ಕ್ರೈಸ್ತರು ಹೆಚ್ಚಾಗಿ ತೆರೆಯುವುದು ಕೀರ್ತನೆಗಳ ಪುಸ್ತಕವನ್ನು. 136ನೇ ಕೀರ್ತನೆಯಲ್ಲಿ 26 ವಚನ, ಇಪ್ಪತ್ತಾರಕ್ಕೂ ಒಂದೇ ಪಲ್ಲವಿ. ಆಕಾಶದ ಸೃಷ್ಟಿಯಿಂದ ಹೊರಟು ಜೀವಿಗಳ ದಿನದ ಊಟಕ್ಕೆ ಬಂದು ಮುಟ್ಟುತ್ತದೆ. 107ನೆಯದು ಇನ್ನೂ ಸೊಗಸು. ಅಲ್ಲಿ ಕೃತಜ್ಞತೆ ಸಲ್ಲಿಸುವವರು ಸುಖವಾಗಿ ಕುಳಿತವರಲ್ಲ. ಮರುಭೂಮಿಯಲ್ಲಿ ದಾರಿ ತಪ್ಪಿದವರು, ಕಾಯಿಲೆ ಬಿದ್ದವರು, ಬಿರುಗಾಳಿಗೆ ಸಿಕ್ಕ ನಾವಿಕರು, ಸೆರೆಯಾಳುಗಳು.

1943ರ ಏಪ್ರಿಲ್ 5ರಂದು ಬೊನ್‌ಹಾಫರ್ ತಾವೇ ಸೆರೆಯಾಳಾದರು. ಬರ್ಲಿನ್‌ನ ಟೇಗಲ್ ಜೈಲಿಗೆ ವೃದ್ಧ ತಂದೆತಾಯಿ ತಿಂಡಿ, ಬಟ್ಟೆ, ಪುಸ್ತಕಗಳ ಗಂಟು ಕಳಿಸುತ್ತಿದ್ದರು. ಎಲ್ಲಕ್ಕೂ ಇತರರ ಕೈ ನೋಡಬೇಕಾದ ಸ್ಥಿತಿ. ಮೂವತ್ತೇಳು ವರ್ಷದ ಮಗನಿಗೆ ಮುಜುಗರವಾಗದೆ ಇದ್ದೀತೆ? ಆದರೆ ಆ ಸೆಪ್ಟೆಂಬರ್ 13ರಂದು ಅವರು ತಂದೆತಾಯಿಗೆ ಬರೆದದ್ದೇ ಬೇರೆ. ಮನುಷ್ಯ ತಾನು ಕೊಡುವುದಕ್ಕಿಂತ ಎಷ್ಟೋ ಹೆಚ್ಚು ಪಡೆಯುತ್ತಾನೆ, ಎಲ್ಲವೂ ಸರಿಯಿದ್ದಾಗ ಇದು ಕಣ್ಣಿಗೆ ಬೀಳುವುದಿಲ್ಲ ಎಂಬುದು ಆ ಪತ್ರದ ಸಾರ.

ಮರುವರ್ಷ ಜುಲೈ 20ರಂದು ಹಿಟ್ಲರನನ್ನು ಕೊಲ್ಲುವ ಸಂಚು ವಿಫಲವಾಯಿತು. ಅದರೊಂದಿಗೆ ನಂಟಿದ್ದ ಬೊನ್‌ಹಾಫರ್‌ಗೆ ತಮ್ಮ ಗತಿ ಏನೆಂದು ತಿಳಿಯದೆ ಇರಲಿಲ್ಲ. ಮರುದಿನ ಗೆಳೆಯನಿಗೆ ಬರೆದ ಕಾಗದದಲ್ಲಿ, ನಿನ್ನೆಯ ಮತ್ತು ಇಂದಿನ ದಿನದ ವಾಕ್ಯಗಳು ತಮಗೆಷ್ಟು ಸಂತೋಷ ಕೊಟ್ಟವೆಂದು ತಿಳಿಸಿದ್ದಾರೆ. ಡಿಸೆಂಬರಿನಲ್ಲಿ ಗೆಸ್ಟಾಪೊ ನೆಲಮಾಳಿಗೆಯಿಂದ ತಾವು ಮದುವೆಯಾಗಬೇಕಿದ್ದ ಹುಡುಗಿಗೆ ಕವಿತೆಯೊಂದನ್ನು ಕಳಿಸಿದರು. ಅದು ತಂದೆತಾಯಿಗೂ ಸೇರಿದ್ದು. ಕಹಿ ಬಟ್ಟಲನ್ನೇ ದೇವರು ನೀಡಿದರೂ ಕೃತಜ್ಞತೆಯಿಂದ ಸ್ವೀಕರಿಸುವ ಮಾತು ಅದರಲ್ಲಿದೆ.

1945ರ ಏಪ್ರಿಲ್ 9ರಂದು ಫ್ಲೋಸನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ಬರ್ಲಿನ್‌ನಲ್ಲಿ ಮಗನ ದಾರಿ ಕಾಯುತ್ತಿದ್ದ ತಂದೆತಾಯಿಗೆ ಸುದ್ದಿ ಖಚಿತವಾದದ್ದು ಜುಲೈ 27ರಂದು, ಲಂಡನ್ನಿನ ಸ್ಮರಣೆಯ ಆರಾಧನೆಯನ್ನು ಬಿಬಿಸಿ ರೇಡಿಯೊ ಬಿತ್ತರಿಸಿದಾಗ.