ಕಲ್ಲಿನಲ್ಲಿ ಕಡೆಯದ ಸ್ಮಾರಕ

ಮಡಿದ ವೀರರ ನೆನಪಿಗೆ ಕಲ್ಲು ನಿಲ್ಲಿಸುವುದು ಲೋಕರೂಢಿ. ಕನ್ನಡ ನಾಡಿನ ಹಳ್ಳಿಹಳ್ಳಿಗಳಲ್ಲಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಆದರೆ ದಕ್ಷಿಣ ಆಫ್ರಿಕದ ನೆಟಾಲ್ ಸೀಮೆಯಲ್ಲಿ ಕಲ್ಲೂ ಇಲ್ಲದ, ಗಾರೆಯೂ ಇಲ್ಲದ ಸ್ಮಾರಕವೊಂದಿದೆ. ವರ್ಷಕ್ಕೊಮ್ಮೆ ಸಾವಿರಾರು ಜನ ತಮ್ಮ ಕಾಲುಗಳಿಂದಲೇ ಅದನ್ನು ಕಟ್ಟುತ್ತಾರೆ. ಬೆಳಗಾಗುವ ಮುನ್ನ ಆರಂಭವಾದ ಆ ಕೆಲಸ ಸಂಜೆಗೆ ಮುಗಿಯುತ್ತದೆ. ಅದೇ ಕಾಮ್ರೇಡ್ಸ್ ಓಟ.

ಸಮುದ್ರತೀರದ ಡರ್ಬನ್ ನಗರಕ್ಕೂ, ಒಳನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ಆರುನೂರು ಮೀಟರಿಗೂ ಮಿಕ್ಕಿ ಎತ್ತರದಲ್ಲಿರುವ ಪೀಟರ್‌ಮಾರಿಟ್ಸ್‌ಬರ್ಗ್ ನಗರಕ್ಕೂ ನಡುವೆ ಸುಮಾರು 90 ಕಿಲೋಮೀಟರುಗಳ ಗುಡ್ಡಗಾಡಿನ ದಾರಿ. ಈ ಎರಡನೆಯ ಊರಿನ ಹೆಸರು ಭಾರತೀಯರಿಗೆ ಅಪರಿಚಿತವಲ್ಲ. 1893ರ ಜೂನ್ ತಿಂಗಳ ಚಳಿಯ ರಾತ್ರಿಯಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ್ದು ಇಲ್ಲಿಯ ನಿಲ್ದಾಣದಲ್ಲಿಯೇ.

ಈ ಓಟದ ಕಲ್ಪನೆ ಮೂಡಿದ್ದು ವಿಕ್ ಕ್ಲಾಫಮ್ ಎಂಬ ರೈಲ್ವೆ ಎಂಜಿನ್ ಚಾಲಕನ ಮನಸ್ಸಿನಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಆತ ಸಿಪಾಯಿಯಾಗಿ ಪೂರ್ವ ಆಫ್ರಿಕದ ಕಾಡುಮೇಡುಗಳಲ್ಲಿ ಸುಮಾರು 2,700 ಕಿಲೋಮೀಟರು ನಡೆದಿದ್ದ. ಜೊತೆಗೆ ನಡೆದವರಲ್ಲಿ ಎಷ್ಟೋ ಮಂದಿ ಹಿಂದಿರುಗಲಿಲ್ಲ. ಅವರು ಪಟ್ಟ ಪಾಡನ್ನು ನೆನೆಯಬೇಕಾದರೆ ಹೂವಿನ ಹಾರ ಸಾಲದು, ನೆನೆಯುವವರೂ ಒಂದಿಷ್ಟು ಪಾಡು ಪಡಬೇಕು ಎಂಬುದು ಆತನ ಎಣಿಕೆ. ಮಾಜಿ ಸೈನಿಕರ ಸಂಘದ ಮುಂದೆ ಆತ ತನ್ನ ಯೋಜನೆಯನ್ನಿಟ್ಟಾಗ, ಮನುಷ್ಯಮಾತ್ರರಿಗೆ ಇದು ಅಸಾಧ್ಯವೆಂದು ಅವರು ಒಪ್ಪಲಿಲ್ಲ. ಯಾವ ಅಭ್ಯಾಸವೂ ಇಲ್ಲದ ಗುಮಾಸ್ತರೂ ಕೂಲಿಗಳೂ ಸಿಪಾಯಿಗಳಾಗಿ ಅಷ್ಟು ದೂರ ನಡೆಯಬಲ್ಲರಾದರೆ, ಪಳಗಿದ ಓಟಗಾರರಿಗೆ ಇದೇಕೆ ಅಸಾಧ್ಯವೆಂದು ಕ್ಲಾಫಮ್ ಮತ್ತೆ ಮತ್ತೆ ವಾದಿಸಿದ. ಕೊನೆಗೆ 1921ರಲ್ಲಿ ಅನುಮತಿ ದೊರೆಯಿತು. ಖರ್ಚಿಗೆಂದು ಒಂದೇ ಒಂದು ಪೌಂಡನ್ನು ಕೊಟ್ಟರು, ಅದೂ ಸಾಲವಾಗಿ!

1921ರ ಮೇ 24ರಂದು 34 ಮಂದಿ ಓಟ ತೊಡಗಿದರು. ಗುರಿ ಮುಟ್ಟಿದವರು 16 ಮಂದಿ. ಮೊದಲಿಗನಾದ ಬಿಲ್ ರೋವನ್‌ಗೆ ತಗುಲಿದ ಕಾಲ 8 ಗಂಟೆ 59 ನಿಮಿಷ. ಓಡಬಹುದು ಎಂಬುದೇನೋ ಸಿದ್ಧವಾಯಿತು. ಆದರೆ ಇಷ್ಟು ದೂರದ ಓಟಕ್ಕೆ ದೇಹವನ್ನು ಅಣಿಗೊಳಿಸುವ ಬಗೆ ಹೇಗೆ? ಅದನ್ನು ಬಲ್ಲ ಗುರುಗಳೇ ಆಗ ಇರಲಿಲ್ಲ.

ಉತ್ತರವನ್ನು ಕಂಡುಕೊಂಡವನು ಕ್ರೀಡಾಪಟುವಲ್ಲ, ಆರ್ಥರ್ ನ್ಯೂಟನ್ ಎಂಬ ರೈತ. 1883ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ನೆಟಾಲಿಗೆ ಬಂದು, ಹಾರ್ಡಿಂಗ್ ಎಂಬ ಊರಿನ ಬಳಿ ಬೇಸಾಯ ಮಾಡಿಕೊಂಡಿದ್ದ. ತನ್ನ ಸುತ್ತಲಿನ ನೆಲವನ್ನು ಸರ್ಕಾರ ಆಫ್ರಿಕನ್ ಜನರ ವಸತಿಗೆ ಗೊತ್ತುಪಡಿಸಿದ್ದರಿಂದ ತನಗೆ ನಷ್ಟವಾಯಿತು, ನ್ಯಾಯ ದೊರೆಯಲಿಲ್ಲ ಎಂಬುದು ಅವನ ದೂರು. ಆ ಕಾಲದ ವರ್ಣನೀತಿಯ ಗೋಜಲಿನಲ್ಲಿ ಹುಟ್ಟಿದ ಈ ದೂರಿನ ನ್ಯಾಯಾನ್ಯಾಯ ಬೇರೆ ಮಾತು. ಅರ್ಜಿಗಳಿಗೆ ಕಿವಿಗೊಡದ ಜನ ಪ್ರಸಿದ್ಧನ ಮಾತಿಗೆ ಕಿವಿಗೊಟ್ಟಾರೆಂದು ಭಾವಿಸಿ, ಪ್ರಸಿದ್ಧಿಗಾಗಿ ಅವನು ಈ ಓಟವನ್ನು ಆರಿಸಿಕೊಂಡ.

1922ರ ಜನವರಿ 1ರಂದು, ಮೂವತ್ತೆಂಟು ವರ್ಷ ದಾಟಿದ ನ್ಯೂಟನ್ ಮನೆಯಿಂದ ಹೊರಟು ಸುಮಾರು ಎರಡು ಮೈಲಿ ಓಡಿದ. ಫಲವೇನು? ಕಾಲುಗಳು ಮರಗಟ್ಟಿ, ಕೆಲವು ದಿನ ಓಟದ ಮಾತೇ ಇಲ್ಲವಾಯಿತು. ಬೇರೆಯವನಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದನೇನೋ. ನ್ಯೂಟನ್ ಆ ನೋವನ್ನೇ ಪಾಠವಾಗಿ ತೆಗೆದುಕೊಂಡ. ಬಹುವಾಗಿ ನಡೆಯಬೇಕು, ಸ್ವಲ್ಪವೇ ಓಡಬೇಕು, ಓಡುವಾಗ ವೇಗವಾಗಿ ಓಡಬೇಕು ಎಂಬುದು ಅಂದಿನ ರೂಢಿ. ಓಟ ಕಲಿಯಬೇಕಾದವನು ಓಡಿಯೇ ಕಲಿಯಬೇಕಲ್ಲವೆ ಎಂದು ಅವನು ತರ್ಕಿಸಿದ. ಆದರೆ ನಿಧಾನವಾಗಿ; ಏದುಸಿರು ಬರುವ ಮುನ್ನವೇ ವೇಗವನ್ನು ತಗ್ಗಿಸಿ; ಹೆಜ್ಜೆಯನ್ನು ಗಿಡ್ಡವಾಗಿಸಿ; ದೂರವನ್ನು ದಿನದಿನಕ್ಕೆ ಕೊಂಚಕೊಂಚವಾಗಿ ಹೆಚ್ಚಿಸಿ. ಅಭ್ಯಾಸದ ದಿನಗಳಲ್ಲಿ ಗಡಿಯಾರದೊಡನೆ ಪಂತ ಹೂಡಬಾರದು, ದಣಿವಾದರೆ ಬಿಡುವು ಕೊಡಬೇಕು, ಸ್ಪರ್ಧೆಗೆ ಮೊದಲು ಚೆನ್ನಾಗಿ ವಿಶ್ರಮಿಸಬೇಕು ಎಂಬುವೇ ಅವನ ಕಟ್ಟಳೆಗಳಾದವು. ಕಾಲಕ್ರಮದಲ್ಲಿ ವಾರಕ್ಕೆ ನೂರು ಮೈಲಿಗೂ ಮಿಕ್ಕಿ ಓಡುವುದು ಅವನಿಗೆ ಸಾಮಾನ್ಯವಾಯಿತು. ಅವನ ದೇಹವೇ ಅವನ ಗುರು.

ಐದು ತಿಂಗಳು ತುಂಬುವ ಮೊದಲೇ, 1922ರ ಮೇ 24ರಂದು, ಡರ್ಬನ್ನಿನಿಂದ ಗುಡ್ಡವೇರುವ ಓಟದಲ್ಲಿ ನ್ಯೂಟನ್ ಎಲ್ಲರನ್ನೂ ಹಿಂದೆ ಹಾಕಿದ. 1923, 1924, 1925 ಮತ್ತು 1927ರಲ್ಲೂ ಅವನೇ ಗೆದ್ದ. 1925ರಲ್ಲಿ ಅವನ ಕಾಲ 6 ಗಂಟೆ 24 ನಿಮಿಷಕ್ಕೆ ಇಳಿದಿತ್ತು. ಆದರೆ ಯಾವುದಕ್ಕಾಗಿ ಓಡಿದನೋ ಅದು ಮಾತ್ರ ಕೈಗೂಡಲಿಲ್ಲ. 1925ರಲ್ಲಿ ಜಮೀನಿನ ಆಸೆ ತೊರೆದು ಅವನು ರೊಡೇಶಿಯಕ್ಕೆ ಹೊರಟುಹೋದ. ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿ, ತಾನು ಕಂಡುಕೊಂಡದ್ದನ್ನು ಪುಸ್ತಕಗಳಲ್ಲಿ ಬರೆದಿಟ್ಟು, 1959ರಲ್ಲಿ ತೀರಿಕೊಂಡ. ಕಳೆದುಕೊಂಡ ಹೊಲ ಅವನದಾಗಲಿಲ್ಲ. ಕಂಡುಕೊಂಡ ದಾರಿ ಎಲ್ಲರದಾಯಿತು.

ಎಲ್ಲರದು ಎನ್ನುವಾಗ ಒಂದು ಕಹಿ ಸತ್ಯವನ್ನು ಮರೆಮಾಚುವಂತಿಲ್ಲ. ಈ ಸ್ಮಾರಕದ ಬಾಗಿಲು ಬಹುಕಾಲ ಎಲ್ಲರಿಗೂ ತೆರೆದಿರಲಿಲ್ಲ. 1923ರಲ್ಲಿ ಫ್ರಾನ್ಸಿಸ್ ಹೇವರ್ಡ್ ಎಂಬ ಮಹಿಳೆ ಪೂರ್ತಿ ದೂರ ಓಡಿದಳು. ಹೆಣ್ಣೆಂಬ ಕಾರಣಕ್ಕೆ ಪದಕ ಕೊಡಲಿಲ್ಲ. ಆಕೆಗೆ ಉಡುಗೊರೆ ಕೊಟ್ಟು ಮನ್ನಿಸಿದವರು ಪ್ರೇಕ್ಷಕರು. 1935ರಲ್ಲಿ ರಾಬರ್ಟ್ ಮ್ಚಾಲಿ ಎಂಬ ಕಪ್ಪು ವರ್ಣದ ಓಟಗಾರ ಗುರಿ ಮುಟ್ಟಿದ. ಅವನ ಹೆಸರೂ ಅಧಿಕೃತ ಪಟ್ಟಿಗೆ ಸೇರಲಿಲ್ಲ. ಸ್ತ್ರೀಯರಿಗೂ, ಎಲ್ಲ ವರ್ಣದವರಿಗೂ ಅಧಿಕೃತವಾಗಿ ಪ್ರವೇಶ ದೊರೆತದ್ದು 1975ರಲ್ಲಿ. 1989ರಲ್ಲಿ ಸ್ಯಾಮ್ಯುಯೆಲ್ ಶಬಲಾಲ ಗೆದ್ದಾಗ, ಕಪ್ಪು ಜನಾಂಗದ ಓಟಗಾರನೊಬ್ಬ ಮೊದಲ ಬಾರಿಗೆ ಈ ಓಟದ ಅಗ್ರಸ್ಥಾನದಲ್ಲಿ ನಿಂತ.

ಇತ್ತೀಚಿನ ವರ್ಷಗಳಲ್ಲಿ ಓಟ ನಡೆಯುವುದು ಜೂನ್ ತಿಂಗಳಿನ ಒಂದು ಭಾನುವಾರ. ಹಿಂದಿನ ದಿನಗಳಲ್ಲೇ ದೇಶವಿದೇಶಗಳ ಓಟಗಾರರು ಬಂದು ಸೇರುತ್ತಾರೆ. ಭಾರತದಿಂದ ಹೋಗುವವರೂ ಇದ್ದಾರೆ. ನಸುಕಿನ ಕತ್ತಲಲ್ಲಿ ರಾಷ್ಟ್ರಗೀತೆ, ಬಳಿಕ ಕಾರ್ಮಿಕರ ಹಾಡಾದ ‘ಶೊಶೊಲೊಜ’, ಕೊನೆಗೆ ಕೋಳಿಯ ಕೂಗು! ಕೂಗಿದ್ದು ಕೋಳಿಯಲ್ಲ, ಮ್ಯಾಕ್ಸ್ ಟ್ರಿಂಬಾರ್ನ್ ಎಂಬಾತನ ಕೂಗು. 1948ರಲ್ಲಿ ಆತ ಉತ್ಸಾಹದಿಂದ ಕೂಗಿದ್ದು ಮುಂದೆ ಸಂಪ್ರದಾಯವೇ ಆಗಿ, ಅದರ ಧ್ವನಿಮುದ್ರಿಕೆಯನ್ನು ಈಗಲೂ ಕೇಳಿಸುತ್ತಾರೆ. ಅನಂತರ ಗುಂಡಿನ ಸದ್ದು, ಸಾವಿರಾರು ಹೆಜ್ಜೆಗಳ ಸದ್ದು.

ಅರ್ಧ ದಾರಿಯ ಸುಮಾರಿಗೆ, ರಸ್ತೆಯ ಬದಿಯ ದಿಬ್ಬದಲ್ಲಿ ಕುರ್ಚಿಯಂತೆ ಕೊರೆದ ಒಂದು ಪೊಟರೆಯಿದೆ. ನ್ಯೂಟನ್ ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದನೆಂದು ಪ್ರತೀತಿ. ಅದರ ಹೆಸರು ‘ಆರ್ಥರನ ಆಸನ’. ಓಟಗಾರರು ಅಲ್ಲಿ ಹೂವಿಟ್ಟು, “ಆರ್ಥರ್, ನಮಸ್ಕಾರ” ಎಂದು ಹೇಳಿ ಮುಂದೆ ಸಾಗುತ್ತಾರೆ. ಹಾಗೆ ವಂದಿಸಿದವರಿಗೆ ಉಳಿದರ್ಧ ದಾರಿ ಸುಗಮವೆಂಬ ನಂಬಿಕೆ.

ಹನ್ನೆರಡು ಗಂಟೆಗಳು ತುಂಬಿದೊಡನೆ ಮತ್ತೊಂದು ಗುಂಡು ಹಾರುತ್ತದೆ. ಅದನ್ನು ಹಾರಿಸುವಾತ ಬರುತ್ತಿರುವವರಿಗೆ ಬೆನ್ನು ಮಾಡಿ ನಿಂತಿರುತ್ತಾನೆ. ಎರಡೇ ಹೆಜ್ಜೆ ಹಿಂದುಳಿದವನ ಮುಖ ಕಂಡು ಕೈ ತಡೆಯಬಾರದಲ್ಲ! ಆ ಕ್ಷಣದಲ್ಲಿ ಬಳಲಿ ಬೀಳುವವನನ್ನು ಪಕ್ಕದ ಅಪರಿಚಿತನೊಬ್ಬ ತೋಳು ಕೊಟ್ಟು ಎತ್ತಿ ನಡೆಸುವ ನೋಟ ಅಲ್ಲಿ ಅಪರೂಪವಲ್ಲ. ಕಾಡಿನ ದಾರಿಯಲ್ಲಿ ಕ್ಲಾಫಮ್‌ನ ಸಂಗಡಿಗರು ಒಬ್ಬರಿಗೊಬ್ಬರು ಮಾಡಿದ್ದೂ ಅದನ್ನೇ ಅಲ್ಲವೆ? ತನ್ನ ನಡಿಗೆಯನ್ನು ತಾನೇ ಕಂಡುಕೊಂಡು, ಬಿದ್ದವನಿಗೆ ತೋಳು ಕೊಡುವ ಜನ ಇರುವವರೆಗೆ ಆ ಸ್ಮಾರಕಕ್ಕೆ ಕಲ್ಲು ಬೇಕಿಲ್ಲ.