ಕೊನೆಯ ಮೈಲಿಯನ್ನು ಊರೇ ಕಟ್ಟಿದಾಗ

ಆಪ್ಟಿಕಲ್ ಫೈಬರ್ ಜಾಲ ಹಾಕುವಾಗ ಹೆಚ್ಚು ದುಡ್ಡು ನುಂಗುವುದು ಫೈಬರ್ ಅಲ್ಲ, ಅದನ್ನು ಹೂಳಲು ತೋಡುವ ಕಾಲುವೆ. ಗಾಜಿನ ಎಳೆ ಅಗ್ಗ. ರಸ್ತೆ ಅಗೆಯುವುದು, ಬಂಡೆ ಒಡೆಯುವುದು, ಅನುಮತಿಗಾಗಿ ಕಚೇರಿಗಳಿಗೆ ಅಲೆಯುವುದು, ಅಗೆದದ್ದನ್ನು ಮತ್ತೆ ಮುಚ್ಚುವುದು ದುಬಾರಿ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಒಂದು ಕಿಲೋಮೀಟರ್ ಕೇಬಲ್ ಎಳೆದರೆ ನೂರಾರು ಮನೆಗಳು ಸಿಗುತ್ತವೆ. ಮಲೆನಾಡಿನಲ್ಲಿ ಅಷ್ಟೇ ಉದ್ದದ ಕೇಬಲ್ ತೋಟ, ಹಳ್ಳ, ಗುಡ್ಡ ದಾಟಿ ಒಂದೋ ಎರಡೋ ಮನೆ ಮುಟ್ಟುತ್ತದೆ. ಖರ್ಚು ಕಡಿಮೆಯಾಗುವುದಿಲ್ಲ, ಬಿಲ್ ಕಟ್ಟುವವರು ಮಾತ್ರ ಕಡಿಮೆಯಾಗುತ್ತಾರೆ. ಕಂಪನಿಗಳ ಕೇಬಲ್ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಈ ಲೆಕ್ಕವೇ ತೀರ್ಮಾನಿಸುತ್ತದೆ.

ಈ ಲೆಕ್ಕಕ್ಕೆ ತೆರಬೇಕಾದ ಬೆಲೆಯನ್ನು 2020-21ರ ಕೊರೊನಾ ದಿನಗಳಲ್ಲಿ ಇಡೀ ರಾಜ್ಯ ಕಂಡಿತು. ಮಲೆನಾಡು ಮತ್ತು ಕರಾವಳಿಯ ಮಕ್ಕಳು ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿ ಕೂತರು. ಸುರಿಯುವ ಮಳೆಯಲ್ಲಿ ಮಗಳು ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದರೆ ಅಪ್ಪ ಕೊಡೆ ಹಿಡಿದು ನಿಂತಿದ್ದ ಸುಳ್ಯ ತಾಲ್ಲೂಕಿನ ಚಿತ್ರ ನಾಡಿನ ತುಂಬ ಹರಿದಾಡಿತು. ಶರಾವತಿ ಹಿನ್ನೀರಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಅಭಿಯಾನವೇ ನಡೆಯಿತು. ತರಗತಿಗಳು ಮತ್ತೆ ಶಾಲೆಗೆ ಮರಳಿದವು. ಆದರೆ ಪಹಣಿ, ಪಡಿತರ, ಪಿಂಚಣಿ, ಪ್ರವೇಶ ಪರೀಕ್ಷೆ, ವೈದ್ಯರ ಸಲಹೆ ಎಲ್ಲವೂ ಆನ್‌ಲೈನ್ ಆಗುತ್ತಲೇ ಇರುವುದರಿಂದ ಡಿಜಿಟಲ್ ಕಂದರ ತಾನಾಗಿ ಮುಚ್ಚುವುದಿಲ್ಲ.

ಮೊಬೈಲ್ ಡೇಟಾ ಅಗ್ಗವಾಗಿರುವಾಗ ಬ್ರಾಡ್‌ಬ್ಯಾಂಡ್ ಯಾಕೆ ಎಂದು ಕೇಳುವವರಿದ್ದಾರೆ. ಒಂದು ಟವರಿನ ಸಾಮರ್ಥ್ಯವನ್ನು ಅದರ ವ್ಯಾಪ್ತಿಯ ಎಲ್ಲ ಮೊಬೈಲುಗಳೂ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಒಟ್ಟಿಗೆ ಬಳಸಿದಾಗ ವೇಗ ಕುಸಿಯುತ್ತದೆ. ದಿನಕ್ಕೆ ಇಂತಿಷ್ಟೇ ಡೇಟಾ ಎಂಬ ಮಿತಿ ಬೇರೆ. ಮನೆಗೆ ಬಂದ ಫೈಬರ್ ಸಂಪರ್ಕವನ್ನಾದರೆ ವೈ-ಫೈ ಮೂಲಕ ಮನೆಮಂದಿಯೆಲ್ಲ ಒಂದೇ ಬಿಲ್ಲಿನಲ್ಲಿ ಬಳಸಬಹುದು.

ಹಾಗಾದರೆ ಕಂಪನಿಗೆ ಲಾಭ ತರದ ಆ ಕೊನೆಯ ಮೈಲಿಯನ್ನು ಕಟ್ಟುವವರು ಯಾರು? ಊರಿನವರೇ ಕಟ್ಟಬಹುದು, ಅದರ ಒಡೆತನವನ್ನೂ ತಾವೇ ಇಟ್ಟುಕೊಳ್ಳಬಹುದು. ಜಗತ್ತಿನ ಹಲವೆಡೆ ಇದು ಆಗಿದೆ.

ರೈತರು ತೋಡಿದ ಕಾಲುವೆ

ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದ ಲೂನ್ ಕಣಿವೆ ಕುರಿ ಸಾಕುವವರ ನಾಡು. ಮನೆಗಳು ದೂರ ದೂರ. ದೊಡ್ಡ ಕಂಪನಿಗಳು ಅಲ್ಲಿಗೆ ಫೈಬರ್ ತರುವ ಲಕ್ಷಣ ಕಾಣದಿದ್ದಾಗ 2011ರಲ್ಲಿ ಅಲ್ಲಿನವರು ‘ಬ್ರಾಡ್‌ಬ್ಯಾಂಡ್ ಫಾರ್ ದ ರೂರಲ್ ನಾರ್ತ್’ ಎಂಬ ಸಂಘ ಕಟ್ಟಿದರು. ಚಿಕ್ಕದಾಗಿ ಅದನ್ನು ‘ಬಾರ್ನ್’ ಎನ್ನುತ್ತಾರೆ. ಸದಸ್ಯರ ಷೇರು ಹಣವೇ ಬಂಡವಾಳ.

ಅವರು ಕಾಲುವೆಯ ಖರ್ಚಿಗೇ ಕೈಹಾಕಿದರು. ಡಾಂಬರು ರಸ್ತೆ ಅಗೆಯುವ ಬದಲು ಹೊಲ, ಹುಲ್ಲುಗಾವಲುಗಳ ನಡುವೆ ದಾರಿ ಹಿಡಿದರು. ಜಮೀನಿನ ಮಾಲೀಕರು ತಮ್ಮ ನೆಲದಲ್ಲಿ ಕೇಬಲ್ ಹಾಯಲು ಬಿಡಿಗಾಸೂ ಕೇಳದೆ ಒಪ್ಪಿಗೆ ಕೊಟ್ಟರು. ಹಲವರು ತಮ್ಮ ಟ್ರ್ಯಾಕ್ಟರ್, ಅಗೆಯುವ ಯಂತ್ರಗಳನ್ನು ತಂದು ತಾವೇ ಕಾಲುವೆ ತೋಡಿದರು. ಅಗೆದ ಕೆಲಸಕ್ಕೆ ಹಣದ ಬದಲು ಷೇರು ಪಡೆದವರೂ ಇದ್ದರು. ಮೊದಲು ಪ್ಲಾಸ್ಟಿಕ್ ಕೊಳವೆ ಹೂತು, ಆಮೇಲೆ ಅದರೊಳಗೆ ಒತ್ತಡದ ಗಾಳಿಯ ನೆರವಿನಿಂದ ಫೈಬರ್ ತೂರಿಸಿದರು. ತಿಂಗಳಿಗೆ 30 ಪೌಂಡ್ ದರದಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗ ಕೊಟ್ಟರು. ಆಗ ಬ್ರಿಟನ್ನಿನ ದೊಡ್ಡ ನಗರಗಳಲ್ಲೂ ಬಹಳಷ್ಟು ಮನೆಗಳಿಗೆ ಈ ವೇಗ ಸಿಕ್ಕಿರಲಿಲ್ಲ. ಇಂದು ಆ ಜಾಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಂಪರ್ಕಗಳಿವೆ.

ಎಳೆ ಬೆಸೆಯುವ ಕೆಲಸ

ಈ ಕೆಲಸದಲ್ಲಿ ಸಾಮಾನ್ಯರಿಗೆ ಕೈಗೆಟುಕದ್ದು ಎನಿಸುವ ಭಾಗವೆಂದರೆ ಫೈಬರ್ ಜೋಡಣೆ, ಅಂದರೆ ಸ್ಪ್ಲೈಸಿಂಗ್. ಲ್ಯಾಂಕಾಷೈರಿನ ಹಳ್ಳಿಗರು ಅದನ್ನೂ ಕಲಿತರು. ನಮ್ಮ ಊರುಗಳ ಕೇಬಲ್ ಟಿ.ವಿ. ಹುಡುಗರಲ್ಲೂ ಈ ಕೆಲಸ ಬಲ್ಲವರಿದ್ದಾರೆ.

ಮೇಲಿನ ಬಣ್ಣದ ಲೇಪ ಸುಲಿದರೆ ಒಳಗಿನ ಗಾಜಿನ ಎಳೆಯ ದಪ್ಪ 125 ಮೈಕ್ರೋಮೀಟರ್, ಹೆಚ್ಚು ಕಡಿಮೆ ತಲೆಗೂದಲಿನಷ್ಟು. ಬೆಳಕು ಹರಿಯುವ ನಡುವಿನ ತಿರುಳು ಕೇವಲ 9 ಮೈಕ್ರೋಮೀಟರ್. ಎಳೆಯನ್ನು ಆಲ್ಕೊಹಾಲಿನಿಂದ ಒರೆಸಿ, ಕ್ಲೀವರ್ ಎಂಬ ಪುಟ್ಟ ಸಾಧನದಲ್ಲಿಟ್ಟು ತುದಿಯನ್ನು ನೇರವಾಗಿ ಕತ್ತರಿಸುತ್ತಾರೆ. ತುದಿ ಓರೆಯಾದರೆ, ಒಂದು ಕಣ ದೂಳು ಕೂತರೆ ಮತ್ತೆ ಮೊದಲಿಂದ. ಹೀಗೆ ಕತ್ತರಿಸಿದ ಎರಡು ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿ ಎದುರುಬದುರು ಇಟ್ಟು ಮುಚ್ಚಳ ಹಾಕಿದರೆ, ಒಳಗಿನ ಕ್ಯಾಮೆರಾ ಅವನ್ನು ಹಿಗ್ಗಿಸಿ ತೆರೆಯ ಮೇಲೆ ತೋರಿಸುತ್ತದೆ. ಯಂತ್ರವೇ ತುದಿಗಳನ್ನು ಸರಿಹೊಂದಿಸಿ, ವಿದ್ಯುತ್ ಕಿಡಿ ಹಾರಿಸಿ, ಗಾಜನ್ನು ಕರಗಿಸಿ ಬೆಸೆಯುತ್ತದೆ. ಬೆಸುಗೆ ಚೆನ್ನಾಗಿದ್ದರೆ ಅಲ್ಲಿ ಪೋಲಾಗುವ ಬೆಳಕು ನೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಕೊನೆಗೆ ಬೆಸುಗೆಯ ಮೇಲೆ ರಕ್ಷಾ ಕೊಳವೆ ಸರಿಸಿ ಬಿಸಿ ಮಾಡಿ ಬಿಗಿಸುತ್ತಾರೆ. ಇದಕ್ಕೆ ತಾಳ್ಮೆ ಬೇಕು, ಅಭ್ಯಾಸ ಬೇಕು. ಎಂಜಿನಿಯರಿಂಗ್ ಪದವಿ ಬೇಕಿಲ್ಲ.

ಫೈಬರಿನೊಳಗೆ ಬೆಳಕು ಹೊರಗೆ ಸೋರದೆ ತಿರುಳಿನಲ್ಲೇ ಪ್ರತಿಫಲಿಸುತ್ತ ಸಾಗುತ್ತದೆ. ಗಾಜನ್ನು ಶುದ್ಧಗೊಳಿಸಿದರೆ ಬೆಳಕಿನ ಮೂಲಕ ದೂರಸಂಪರ್ಕ ಸಾಧ್ಯ ಎಂದು 1966ರಲ್ಲಿ ತೋರಿಸಿದವರು ಚಾರ್ಲ್ಸ್ ಕಾವ್. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿನ ಒಳ್ಳೆಯ ಫೈಬರಿನಲ್ಲಿ 15 ಕಿ.ಮೀ. ಸಾಗಿದ ಮೇಲೂ ಹೊರಟ ಬೆಳಕಿನ ಅರ್ಧ ಉಳಿದಿರುತ್ತದೆ. ಹಳ್ಳಿಗೆ ಇದರಿಂದ ದೊಡ್ಡ ಅನುಕೂಲವಿದೆ. ‘ಜಿಪಾನ್’ ಎಂಬ ವ್ಯವಸ್ಥೆಯಲ್ಲಿ ಒಂದೇ ಎಳೆಯನ್ನು ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಹಂಚಬಹುದು, ಸುಮಾರು 20 ಕಿ.ಮೀ. ದೂರದವರೆಗೆ. ಆ ಸ್ಪ್ಲಿಟರಿಗೆ ಕರೆಂಟ್ ಬೇಡ. ಜಾಲದ ಕಚೇರಿಯಲ್ಲಿ ಮತ್ತು ಮನೆಯಲ್ಲಿ ಬ್ಯಾಟರಿ ಬೆಂಬಲವಿದ್ದರೆ ಸಾಕು, ನಡುವಿನ ದಾರಿಯಲ್ಲಿ ದಿನವಿಡೀ ವಿದ್ಯುತ್ ಇಲ್ಲದಿದ್ದರೂ ಸಂಪರ್ಕ ಕಡಿಯುವುದಿಲ್ಲ.

ತಂತಿಯಿಲ್ಲದ ದಾರಿ

ಕಾಲುವೆ ತೋಡಲು ಸಾಧ್ಯವೇ ಇಲ್ಲದ ಕಡೆ ವೈ-ಫೈಯನ್ನೇ ದೂರಕ್ಕೆ ಹಾಯಿಸುವ ದಾರಿಯಿದೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ರಾಮೋನ್ ರೋಕಾ ಮತ್ತು ನೆರೆಹೊರೆಯವರು ಹಳ್ಳಿಗಾಡಿನಲ್ಲಿ ಚಾವಣಿಯಿಂದ ಚಾವಣಿಗೆ ಆಂಟೆನಾ ಜೋಡಿಸುತ್ತ ಹೋದರು. ಅದು ‘ಗೀಫಿ ಡಾಟ್ ನೆಟ್’ ಎಂಬ ಹೆಸರಿನಲ್ಲಿ ಬೆಳೆದು 30 ಸಾವಿರ ಕೇಂದ್ರಗಳನ್ನು ದಾಟಿತು. ಮುಂದೆ ಫೈಬರನ್ನೂ ಸೇರಿಸಿಕೊಂಡಿತು. ಅದರ ಬೆನ್ನೆಲುಬು ಒಂದು ಒಪ್ಪಂದ: ಜಾಲಕ್ಕೆ ಯಾರು ಬೇಕಾದರೂ ಸೇರಬಹುದು, ಅದನ್ನು ವಿಸ್ತರಿಸಬಹುದು, ಅದರ ಮೇಲೆ ವ್ಯಾಪಾರವನ್ನೂ ಮಾಡಬಹುದು. ಆದರೆ ಜಾಲವನ್ನು ತನ್ನದೆಂದು ಬೇಲಿ ಹಾಕುವಂತಿಲ್ಲ. ಅದರ ಮೇಲೆ ಸೇವೆ ಮಾರುವ ಕಂಪನಿಗಳು ಬಳಸಿದಷ್ಟಕ್ಕೆ ತಕ್ಕಂತೆ ನಿರ್ವಹಣೆಯ ಖರ್ಚು ಹೊರುತ್ತವೆ. ಒಂದು ಊರಿಗೆ ಹಲವು ಕಂಪನಿಗಳು ಹಲವು ಸಲ ಕಾಲುವೆ ತೋಡುವುದು ಇದರಿಂದ ತಪ್ಪುತ್ತದೆ.

ದೂರದ ವೈ-ಫೈಗೆ ಎರಡು ತೊಡಕುಗಳಿವೆ. ಒಂದು, ಆಂಟೆನಾಗಳು ಒಂದಕ್ಕೊಂದು ಕಾಣಬೇಕು. ಕಂಡರಷ್ಟೇ ಸಾಲದು, ನಡುವೆ ಅಲೆ ಹರಡಲು ಜಾಗವೂ ಬೇಕು. ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. 10 ಕಿ.ಮೀ. ದೂರದ 5.8 ಗಿಗಾಹರ್ಟ್ಸ್ ಸಂಪರ್ಕಕ್ಕೆ ನಟ್ಟನಡುವೆ ಈ ವಲಯದ ತ್ರಿಜ್ಯ ಸುಮಾರು 11 ಮೀಟರ್. ಅದರ ಬಹುಭಾಗ ತೆರವಾಗಿರಬೇಕು. ಎಲೆಗಳಲ್ಲಿನ ನೀರು ಈ ಅಲೆಗಳನ್ನು ಹೀರಿಕೊಳ್ಳುವುದರಿಂದ ಅಡಿಕೆ ತೋಟ, ಕಾಡುಮರಗಳ ತಲೆಯ ಮೇಲೆ ಕಂಬ ಎತ್ತರಿಸದೆ ವಿಧಿಯಿಲ್ಲ.

ಎರಡನೆಯದು ಸಮಯದ ತೊಡಕು. ಮನೆಯೊಳಗಿನ ಬಳಕೆಗೆ ರೂಪಿಸಿದ ವೈ-ಫೈ, ಒಂದು ಕಟ್ಟು ಮಾಹಿತಿ ಕಳಿಸಿದ ಮೇಲೆ ‘ತಲುಪಿತು’ ಎಂಬ ಉತ್ತರಕ್ಕೆ ಹತ್ತಾರು ಮೈಕ್ರೋಸೆಕೆಂಡ್ ಮಾತ್ರ ಕಾಯುತ್ತದೆ. ರೇಡಿಯೊ ಅಲೆ ಒಂದು ಕಿ.ಮೀ. ಸಾಗಲು 3.3 ಮೈಕ್ರೋಸೆಕೆಂಡ್ ಬೇಕು. 30 ಕಿ.ಮೀ. ಹೋಗಿ ಬರಲು 200 ಮೈಕ್ರೋಸೆಕೆಂಡ್. ಉತ್ತರ ದಾರಿಯಲ್ಲಿರುವಾಗಲೇ ಯಂತ್ರ ಮಾಹಿತಿ ಕಳೆದುಹೋಯಿತೆಂದು ತಿಳಿದು ಮತ್ತೆ ಕಳಿಸತೊಡಗುತ್ತದೆ, ವೇಗ ನೆಲಕಚ್ಚುತ್ತದೆ.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಭಾರತದ ಪಾಲು ದೊಡ್ಡದು. ಐಐಟಿ ಕಾನ್ಪುರದ ‘ಡಿಜಿಟಲ್ ಗ್ಯಾಂಜೆಟಿಕ್ ಪ್ಲೇನ್ಸ್’ ಯೋಜನೆಯಲ್ಲಿ ಭಾಸ್ಕರನ್ ರಾಮನ್ ಮತ್ತು ಸಂಗಡಿಗರು ಗಂಗಾ ಬಯಲಿನ ಹಳ್ಳಿಗಳ ನಡುವೆ ದೂರದ ವೈ-ಫೈ ಪ್ರಯೋಗ ನಡೆಸಿದರು. ಎರಡೂ ತುದಿಗಳು ಗೊತ್ತುಪಡಿಸಿದ ಸಮಯದಲ್ಲಿ ಸರದಿಯಂತೆ ಮಾತಾಡುವ ಹಾಗೆ ತಂತ್ರಾಂಶ ಬದಲಿಸಿದರೆ ಕಾಯುವ ತೊಂದರೆಯೇ ಇರುವುದಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ತಂಡವೊಂದು ಇದೇ ಬಗೆಯ ತಂತ್ರದಿಂದ ತಮಿಳುನಾಡಿನ ತೇಣಿಯ ಅರವಿಂದ ಕಣ್ಣಾಸ್ಪತ್ರೆಯನ್ನು ಸುತ್ತಲ ಹಳ್ಳಿಗಳ ದೃಷ್ಟಿ ಕೇಂದ್ರಗಳಿಗೆ ಜೋಡಿಸಿತು. ರೋಗಿ ತನ್ನ ಊರಿನ ಹತ್ತಿರವೇ ಕೂತು ತೇಣಿಯ ವೈದ್ಯರಿಗೆ ವಿಡಿಯೊದಲ್ಲಿ ಕಣ್ಣು ತೋರಿಸಿದರು. 2005ರ ಜನವರಿಯಲ್ಲಿ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಬಳಿಕ ಧರ್ಮಶಾಲಾದಲ್ಲಿ ‘ಏರ್‌ಜಲ್ದಿ’ ಜಾಲ ಬೆಟ್ಟಗಳ ನಡುವೆ ಬೆಳೆಯಿತು.

ಹುಕ್ಕೇರಿ ಹೇಳಿಕೊಡುವ ಪಾಠ

2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸಲು ಹೊರಟಿತು. ಬಹುಪಾಲು ಪಂಚಾಯಿತಿಗಳಿಗೆ ಕೇಬಲ್ ಬಂದಿದೆ. ಆದರೆ ಮೊದಲ ಹಂತಗಳಲ್ಲಿ ಅದು ತಾಲ್ಲೂಕಿನಿಂದ ಪಂಚಾಯಿತಿಗೆ ಒಂದೇ ದಾರಿಯಲ್ಲಿ ಬರುತ್ತಿತ್ತು. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕಡೆ ಕಡಿದರೆ ಮುಂದಿನ ಊರುಗಳೆಲ್ಲ ಕತ್ತಲೆ. 2023ರಲ್ಲಿ ₹1.39 ಲಕ್ಷ ಕೋಟಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಕೇಬಲನ್ನು ಉಂಗುರದಂತೆ ಸುತ್ತಿಸಿ ಎರಡೂ ಕಡೆಯಿಂದ ಸಂಪರ್ಕ ಕೊಡುವ ವಿನ್ಯಾಸವಿದೆ. ಇದು ಸರಿಯಾದ ಹೆಜ್ಜೆ. ಆದರೂ ಪಂಚಾಯಿತಿ ಕಚೇರಿಯಿಂದ ಮನೆಗಳವರೆಗಿನ ದಾರಿ ಬಾಕಿಯೇ ಉಳಿಯುತ್ತದೆ. ಕಡಿದ ಕೇಬಲನ್ನು ಕೂಡಲೇ ಜೋಡಿಸಬಲ್ಲವರು ಊರಿನಲ್ಲೇ ಇಲ್ಲದಿದ್ದರೆ ಬಂದ ಸಂಪರ್ಕವೂ ಉಳಿಯುವುದಿಲ್ಲ.

ಇಂಥ ಕೆಲಸಕ್ಕೆ ಕರ್ನಾಟಕದಲ್ಲೇ ಮಾದರಿಯಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ ಮನೆಮನೆಗೆ ವಿದ್ಯುತ್ ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಸಗಟಾಗಿ ವಿದ್ಯುತ್ ಕೊಂಡು ಊರಿಗೆ ಹಂಚುವ ಈ ಕ್ರಮ ಬ್ಯಾಂಡ್‌ವಿಡ್ತ್‌ಗೂ ಹೊಂದುತ್ತದೆ. ಅಮೆರಿಕದಲ್ಲಿ ಇದು ಆಗಿಯೇ ಇದೆ. 1930ರ ದಶಕದಲ್ಲಿ ಖಾಸಗಿ ಕಂಪನಿಗಳು ಹೊಲಮನೆಗಳಿಗೆ ಕರೆಂಟ್ ಎಳೆಯಲು ಒಪ್ಪದಿದ್ದಾಗ ಸರ್ಕಾರದ ಸಾಲ ಪಡೆದು ರೈತರು ವಿದ್ಯುತ್ ಸಹಕಾರ ಸಂಘ ಕಟ್ಟಿದರು. ಅಂಥ ಹಲವು ಸಂಘಗಳು ಇಂದು ಅವೇ ಕಂಬಗಳ ಮೇಲೆ ಫೈಬರ್ ಎಳೆದು ಸದಸ್ಯರ ಮನೆಗೆ ಬ್ರಾಡ್‌ಬ್ಯಾಂಡ್ ಕೊಡುತ್ತಿವೆ. ಲೋಹವಿಲ್ಲದ ಫೈಬರ್ ಕೇಬಲನ್ನು ವಿದ್ಯುತ್ ತಂತಿಯ ಜೊತೆಯಲ್ಲೇ ಕಟ್ಟಬಹುದಾದ್ದರಿಂದ ಕಾಲುವೆಯ ಖರ್ಚೇ ಇರುವುದಿಲ್ಲ. ಕಂಬಗಳು ನಮ್ಮ ಹಳ್ಳಿಗಳಲ್ಲೂ ಇವೆ.

ಕಾನೂನಿನ ಬಾಗಿಲೂ ಸ್ವಲ್ಪ ತೆರೆದಿದೆ. 2020ರಲ್ಲಿ ಬಂದ ಪಿಎಂ-ವಾಣಿ ಯೋಜನೆಯಡಿ ಕಿರಾಣಿ ಅಂಗಡಿ, ಸ್ವಸಹಾಯ ಗುಂಪು, ಹಾಲಿನ ಸಂಘ ಯಾರು ಬೇಕಾದರೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈ ನಡೆಸಬಹುದು. ಭಾರತ್‌ನೆಟ್‌ನಲ್ಲಿ ಸ್ಥಳೀಯ ಉದ್ಯಮಿಗಳು ಆದಾಯ ಹಂಚಿಕೆಯ ಮೇಲೆ ಮನೆಗಳಿಗೆ ಸಂಪರ್ಕ ಕೊಡುವ ಏರ್ಪಾಡಿದೆ. ಆ ಉದ್ಯಮಿಯ ಜಾಗದಲ್ಲಿ ಊರಿನ ಸಹಕಾರ ಸಂಘ ಇರಬಾರದೇಕೆ?

ಕೇಬಲ್ ಬಂದ ಮೇಲೆ

ಸಂಪರ್ಕ ಬಂದ ಮಾತ್ರಕ್ಕೆ ಕಂದರ ಮುಚ್ಚುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33. ಒಂದೇ ಸೂರಿನಡಿ, ಒಂದೇ ಟವರಿನ ವ್ಯಾಪ್ತಿಯಲ್ಲಿ ಈ ಅಂತರವಿದೆ. ಮನೆಯ ಒಂದೇ ಸ್ಮಾರ್ಟ್‌ಫೋನ್ ಯಾರ ಜೇಬಿನಲ್ಲಿದೆ ಎಂಬುದು ಇಲ್ಲಿನ ಪ್ರಶ್ನೆ. ಹಳ್ಳಿಯ ಗ್ರಂಥಾಲಯಗಳಾದ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಲ್ಲಿ ಹಲವೆಡೆ ಕಂಪ್ಯೂಟರ್ ಇವೆ. ಅಲ್ಲಿ ಸಂಪರ್ಕ ಗಟ್ಟಿಯಾಗಿ, ಹೆಣ್ಣುಮಕ್ಕಳು ಬರಬಹುದಾದ ಹೊತ್ತಿಗೆ ಬಾಗಿಲು ತೆರೆದಿದ್ದು, ಕನ್ನಡದಲ್ಲಿ ಹೇಳಿಕೊಡುವವರೊಬ್ಬರು ಇದ್ದರೆ ಅದೇ ದೊಡ್ಡ ಬದಲಾವಣೆ. ಬೆಲೆಯ ಅಳತೆಗೋಲೂ ಇದೆ: ಮೂಲ ಬ್ರಾಡ್‌ಬ್ಯಾಂಡಿನ ದರ ತಲಾ ಮಾಸಿಕ ರಾಷ್ಟ್ರೀಯ ಆದಾಯದ ನೂರಕ್ಕೆ 2 ಪಾಲನ್ನು ಮೀರಬಾರದು ಎಂದು ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ಗುರಿ ಇಟ್ಟಿತ್ತು. ಆದರೆ ಅದು ಸರಾಸರಿಯ ಲೆಕ್ಕ. ಕೂಲಿಯ ಮೇಲೆ ಬದುಕುವ ಮನೆಗೆ ಇನ್ನೂ ಕಡಿಮೆ ದರ ಬೇಕು, ಅದನ್ನು ತೀರ್ಮಾನಿಸುವ ಅಧಿಕಾರ ಊರಿನದೇ ಸಂಘಕ್ಕೆ ಇರುತ್ತದೆ.

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸಾಲ, ಹಾಲು, ವಿದ್ಯುತ್ತನ್ನು ಸಹಕಾರದಿಂದ ನಡೆಸಿದವರಿಗೆ ಗಾಜಿನ ಎಳೆ ಕಷ್ಟವೇನಲ್ಲ. ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ನಮ್ಮ ಪಂಚಾಯಿತಿಗೆ ಬಂದ ಫೈಬರ್ ಇಂದು ಕೆಲಸ ಮಾಡುತ್ತಿದೆಯೇ? ಕಡಿದರೆ ಜೋಡಿಸುವವರು ಯಾರು? ಅದು ಇನ್ನೂ ಮುಟ್ಟದ ಮನೆಗಳು ಯಾವುವು? ಉತ್ತರಗಳನ್ನು ನಡಾವಳಿಯಲ್ಲಿ ಬರೆಸಿ. ಕೆಲಸ ಅಲ್ಲಿಂದ ಶುರುವಾಗಲಿ.